ಕೆಡದ ಪಂಪು

ನೆಲಮಾಳಿಗೆಗಳಲ್ಲಿ ನಿಂತ ನೀರನ್ನು ಹೊರಹಾಕುವ ಪಂಪುಗಳ ರಿಪೇರಿಯಲ್ಲೇ ಮೇಸ್ತ್ರಿಯ ಆಯುಷ್ಯ ಸವೆದಿತ್ತು. ಈಗ ಅವನ ಹೊಟ್ಟೆಯ ಗಡ್ಡೆಗೆ ಕೀಮೋ ನಡೆದಿತ್ತು. ಮೊದಲು ಕರಗಿದ ಗಡ್ಡೆ ಮತ್ತೆ ಬೆಳೆದಿದೆ ಎಂದು ಡಾಕ್ಟರಮ್ಮ ಹೇಳಿದಾಗ ಹೆಂಡತಿ ಅವನತ್ತ ತಿರುಗಿದಳು.

"ಬಡ್ಕೊಂಡೆ, ಕೇಳಿದ್ರಾ? ಕದ್ದು ಚೊಂಬುಗಟ್ಲೆ ನೀರು ಕುಡಿದು ಔಷಧೀನೆಲ್ಲ ಹೊರಗೆ ಕಳಿಸಿಬಿಟ್ರಿ!"

"ಅಯ್ಯೋ, ನೀರು ಕುಡೀಲೇಬೇಕಮ್ಮ," ಎಂದರು ಡಾಕ್ಟರಮ್ಮ. "ಕ್ಯಾನ್ಸರ್ ಜೀವಕೋಶದ ಪೊರೆಯಲ್ಲೇ ಪಂಪಿನಂಥ ಪ್ರೋಟೀನುಗಳಿರ್ತವೆ. ಒಳಗೆ ಬಂದ ಔಷಧೀನ ಹೊರಗೆ ದಬ್ತವೆ. ಅಂಥ ಕೋಶಗಳೇ ಉಳಿದು ಬೆಳೆದಿರಬೇಕು."

"ಆ ಪಂಪು ನಿಲ್ಲಿಸೋಕಾಗಲ್ವಾ?" ಮೇಸ್ತ್ರಿ ಕೇಳಿದ.

"ಒಳ್ಳೇ ಕೋಶಗಳಲ್ಲೂ ಅವು ಇವೆ, ವಿಷ ಹೊರಹಾಕೋಕೆ. ನಿಲ್ಲಿಸಿದ್ರೆ ನಿಮಗೇ ಅಪಾಯ. ಅವುಗಳ ಕೈಗೆ ಸಿಗದ ಬೇರೆ ಔಷಧಿ ನೋಡೋಣ. ಖಾತ್ರಿ ಹೇಳಲಾರೆ."

"ಜೀವಮಾನವೆಲ್ಲ ಕೆಟ್ಟ ಪಂಪುಗಳನ್ನೇ ಕಂಡೆ. ಕೆಡದೇ ಇರೋದು ನನ್ನೊಳಗೇ ಇರ್ಬೇಕಿತ್ತಾ?" ಎಂದು ನಕ್ಕ.

ಕೀಮೋ ಆದಾಗಲೆಲ್ಲ ಅವನ ಕೈಯಿಂದ ಲೋಟ ಕಿತ್ತುಕೊಂಡಿದ್ದವಳು ಹೆಂಡತಿ. ಒಂದು ಗುಟುಕಿಗಾಗಿ ಅವನು ಗೋಗರೆದದ್ದು ಈಗ ಅವಳ ಕಣ್ಣ ಮುಂದೆ ಬಂತು. ಎದ್ದುಹೋಗಿ, ಹೊರಗಿನ ನಲ್ಲಿಯಿಂದ ಲೋಟ ತುಂಬಿ ತಂದು ಅವನ ತುಟಿಗೆ ಹಿಡಿದಳು. ಅವಸರಕ್ಕೆ ನೀರು ತುಳುಕಿತು. ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಪೂರ್ತಿ ಕುಡಿದ.