ತಂತಿಯ ರುಚಿ ನೋಡುತ್ತಿದ್ದವನು

ನಾನು ಚಾಮರಾಜನಗರದಲ್ಲಿ ತಂತಿ ಗುಮಾಸ್ತನಾಗಿದ್ದಾಗ ನಮ್ಮ ಲೈನ್‌ಮನ್ ಕೆಟ್ಟ ಲೈನನ್ನು ನಾಲಿಗೆಯಿಂದಲೇ ಪರೀಕ್ಷಿಸುತ್ತಿದ್ದ. ತಂತಿ ಕತ್ತರಿಸಿ, “ತಡೀರಿ ಸ್ವಾಮಿ, ವಸಿ ರುಚಿ ನೋಡ್ತೀನಿ” ಎಂದು ತುದಿಯನ್ನು ನಾಲಿಗೆಗೆ ಮುಟ್ಟಿಸುವನು. ಚುರುಕ್ ಅಂದರೆ ಆ ಕಡೆಯ ಲೈನು ಸರಿಯಿದೆ ಎಂದರ್ಥ.

ಒಂದು ಬೆಳಿಗ್ಗೆ ನನ್ನ ಮೇಜಿನ ಯಂತ್ರ ಅರ್ಥವಿಲ್ಲದೆ ಕಟಕಟ ಬಡಿದುಕೊಳ್ಳತೊಡಗಿತು. ಗುಂಡ್ಲುಪೇಟೆಯ ಸಂದೇಶದ ಒಂದಕ್ಷರವೂ ತಿಳಿಯದಾಯಿತು. ಲೈನ್‌ಮನ್ನೂ ನಾನೂ ಲೈನಿನ ಜಾಡು ಹಿಡಿದು ಹೊರಟೆವು. ತೆರಕಣಾಂಬಿಯ ಹತ್ತಿರ ಅವನು ಎಂದಿನಂತೆ ತಂತಿ ಕತ್ತರಿಸಿ ನಾಲಿಗೆ ಚಾಚಿದ. ಮರುಕ್ಷಣವೇ ಹಿಂದಕ್ಕೆ ಎಗರಿಬಿದ್ದ. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು.

ಅವನ ಪಕ್ಕದಲ್ಲಿ ಬಿದ್ದಿದ್ದ ತಂತಿಯನ್ನು ಸರಿಸಲು ನಾನು ಕೈ ಚಾಚಿದೆ. ಅವನು ಇದ್ದ ಬಲವನ್ನೆಲ್ಲ ಕೂಡಿಸಿ ನನ್ನ ಎದೆಗೆ ಒದ್ದ. ಕಳ್ಳಿ ಬೇಲಿಗೆ ಬಿದ್ದ ನಾನು, ಇವನಿಗೇನು ಹುಚ್ಚೇ ಎಂದು ತಲೆಯೆತ್ತುವಷ್ಟರಲ್ಲಿ ತಂತಿ ತಗುಲಿದ ಹುಲ್ಲು ಚಟಚಟನೆ ಉರಿಯುತ್ತಿತ್ತು. ಮುಂದೆಲ್ಲೋ ಹೊಸದಾಗಿ ಎಳೆದಿದ್ದ ಕರೆಂಟಿನ ತಂತಿ ಕಳಚಿ ನಮ್ಮ ಲೈನಿನ ಮೇಲೆ ಬಿದ್ದಿತ್ತು.

ಅವನನ್ನು ಆಸ್ಪತ್ರೆಗೆ ಸೇರಿಸಿದೆ. ನಾಲಿಗೆ ಮಾಯುವವರೆಗೆ ಅವನಿಗೆ ಮಾತೇ ಇರಲಿಲ್ಲ. ಮಾತು ಬಂದ ದಿನ, ಆಸ್ಪತ್ರೆಯಲ್ಲಿ ನನ್ನನ್ನು ಕಂಡವನೇ ತೊದಲುತ್ತ ಕೇಳಿದ: “ಜೋರಾಗಿ ಒದ್ಬುಟ್ನಾ ಸ್ವಾಮಿ?”