ಖಾಲಿ ಟ್ಯಾಂಕಿಗೊಂದು ತೂತು

ತುಂಬಿದ ಪೆಟ್ರೋಲ್ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತಿದ್ದರೆ ಒಂದೇ ಒಂದು ಕಿಡಿ ಸಾಕು. ಮಂಡ್ಯದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇದನ್ನು ಪಾಠ ಮಾಡುತ್ತಿದ್ದೇನೆ. ಈ ವರ್ಷ ಒಂದು ಟ್ಯಾಂಕನ್ನು ಸಿಡಿಸಿಯೂ ಬಿಟ್ಟೆ.

ನನ್ನ ಮೈಗೆ ಒಂದು ಗೀರೂ ಆಗಲಿಲ್ಲ. ಸುಟ್ಟಿದ್ದು ಮಳವಳ್ಳಿಯ ವೆಲ್ಡರ್ ಮಹದೇವನ ಕೈ.

ಮೊದಲಿನಿಂದ ಹೇಳುತ್ತೇನೆ. ನನಗೆ ಕಿಟ್ ಕಾರಿನ ಹುಚ್ಚು. ಚಾಸಿ, ಬಾಡಿ, ಸೀಟು ಎಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬರುತ್ತವೆ. ಎಂಜಿನ್ ಹೊಂದಿಸಿಕೊಂಡು ಜೋಡಿಸುವುದು ನಮ್ಮ ಪಾಡು. ಮೂರು ವರ್ಷದಿಂದ ಮನೆ ಪಕ್ಕದ ಶೆಡ್ಡಿನಲ್ಲಿ ಅಂಥದ್ದೊಂದನ್ನು ಕಟ್ಟುತ್ತಿದ್ದೇನೆ. (ಅದನ್ನು ರಸ್ತೆಗಿಳಿಸುವ ಪರವಾನಗಿಯ ಕಥೆ ಬೇರೆಯೇ ಇದೆ, ಇವತ್ತು ಬೇಡ.)

ಕೊನೆಗೆ ಕೆಲಸ ಬಂದು ನಿಂತದ್ದು ಫ್ಯೂಯಲ್ ಪಂಪಿನ ಮುಂದೆ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪುಟ್ಟ ಮೋಟರು ಅದು. ನಾನು ಕೂರಿಸಿದ್ದು ಪೆಟ್ರೋಲನ್ನು ಸಣ್ಣ ಹನಿಗಳಾಗಿ ಸಿಂಪಡಿಸುವ ಇಂಜೆಕ್ಷನ್ ಎಂಜಿನ್, ಅದಕ್ಕೆ ಜೋರು ಒತ್ತಡ ಬೇಕು. ಟ್ಯಾಂಕಿನ ಹೊರಗೆ ಹಾಕಿದ್ದ ಪಂಪು ಅರ್ಧ ಗಂಟೆಯಲ್ಲೇ ಮುಟ್ಟಲಾಗದಷ್ಟು ಕಾಯುತ್ತಿತ್ತು. ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು.

ಮದ್ದೂರಿನ ಶಿವಣ್ಣ ನನ್ನ ಹಳೆಯ ಮೆಕ್ಯಾನಿಕ್. ವಿಷಯ ಕೇಳಿ ಹೇಳಿದ:

"ಒಳೀಕೆ ಮುಳುಗಿಸ್ಬುಡಿ ಸಾ. ಪೆಟ್ರೋಲೇ ಅದನ್ನ ತಣ್ಗೆ ಮಡಗ್ತದೆ."

ಪೆಟ್ರೋಲಿನೊಳಗೆ ಕರೆಂಟೇ ಎಂದು ನೀವು ಬೆಚ್ಚಬಹುದು. ಮುಳುಗಿದ ಜಾಗದಲ್ಲಿ ಗಾಳಿಯಿಲ್ಲ. ಗಾಳಿಯಿಲ್ಲದ ಕಡೆ ಬೆಂಕಿಯೂ ಇಲ್ಲ. ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪಂಪು ಇರುವುದೇ ಅಲ್ಲಿ.

ಹದಿನೈದು ದಿನ ಕೂತು ಪಂಪು ಆರಿಸಿದೆ. ಎಂಜಿನ್ನಿಗೆ ಬೇಕಾದ ಒತ್ತಡ ಎಷ್ಟು? ಟ್ಯಾಂಕಿನ ಆಳ ಎಷ್ಟು? ಪಂಪಿನ ಕೆಳಗಿನ ಜಾಲರಿ ಟ್ಯಾಂಕಿನ ತಳಕ್ಕೆ ತಾಗುತ್ತದೆಯೇ? ಒಳಗಿನ ಪೈಪಿಗೂ ಒಂದು ವಾರ ಹುಡುಕಾಡಿದೆ. ಮಾಮೂಲಿ ರಬ್ಬರ್ ಪೈಪು ಹೊರಮೈಗೂ ಪೆಟ್ರೋಲ್ ತಾಗಿದರೆ ಊದಿಕೊಂಡು ಬಿರಿಯುತ್ತದೆ. ಮುಳುಗಿರಲೆಂದೇ ಮಾಡಿದ ಪೈಪು ಬೇಕು. ನನ್ನ ಎಚ್ಚರ ನೋಡಿದ್ದರೆ ನೀವು ಮೆಚ್ಚುತ್ತಿದ್ದಿರಿ.

ಉಳಿದದ್ದು ಪಂಪು ಇಳಿಸಲು ಟ್ಯಾಂಕಿನ ಮೇಲ್ಭಾಗದಲ್ಲಿ ಒಂದು ತೂತು. ಅಷ್ಟೇ.

"ಸೋಪಿನ ನೀರಲ್ಲಿ ಮೂರ್ ಸಲ ತೊಳೀರಿ. ಬಾಯಿ ತೆಗ್ದು ಒಂದ್ವಾರ ಬಿಸಿಲಲ್ಲಿ ಮಡಗಿ. ಆಮ್ಯಾಕೆ ತಕಂಬನ್ನಿ, ವಾಸ್ನೆ ನೋಡಿ ಏಳ್ತೀನಿ" ಎಂದಿದ್ದ ಶಿವಣ್ಣ.

ಅವತ್ತು ಗುರುವಾರ. ಭಾನುವಾರ ಮೈಸೂರಿನಲ್ಲಿ ನಮ್ಮಂಥ ಹುಚ್ಚರೆಲ್ಲ ಸೇರಿ ತಾವು ಕಟ್ಟಿದ ಕಾರುಗಳನ್ನು ತೋರಿಸುವವರಿದ್ದರು. ಲಾರಿಯ ಮೇಲೆ ಹೇರಿಕೊಂಡಾದರೂ ಹೋಗಬೇಕು, ಎಲ್ಲರೆದುರು ಸ್ಟಾರ್ಟ್ ಮಾಡಬೇಕು ಎಂಬ ಆಸೆ ನನಗೆ. ಒಂದು ವಾರ ಯಾರು ಕಾಯುತ್ತಾರೆ?

ಶುಕ್ರವಾರ ಟ್ಯಾಂಕನ್ನು ಮಳವಳ್ಳಿಗೆ ಒಯ್ದೆ. ಮಹದೇವ ಕೆಲಸದಲ್ಲಿ ಚುರುಕು. ಟ್ಯಾಂಕಿನ ಬಾಯಿಗೆ ಮೂಗು ಇಟ್ಟ.

"ವಾಸ್ನೆ ಐತಲ್ಲ ಸಾ?"

"ನಿನ್ನೆಯೇ ಖಾಲಿ ಮಾಡಿದ್ದೀನಪ್ಪ. ಒಂದು ಹನಿಯೂ ಇಲ್ಲ. ಏನೂ ಆಗಲ್ಲ, ಮಾಡು."

"ಮೇಷ್ಟ್ರು ನೀವೇ ಏಳುದ್ ಮ್ಯಾಕೆ ಇನ್ನೇನು ಬುಡಿ" ಎಂದು ಕಟಿಂಗ್ ಮೆಷಿನ್ ಎತ್ತಿಕೊಂಡ. ನಾನು ರಸ್ತೆ ದಾಟಿ ಟೀ ಕುಡಿಯಲು ಹೋದೆ.

ಟೀ ಅರ್ಧ ಮುಗಿದಿತ್ತು. ಶಬ್ದ ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಓಡಿ ಬಂದಾಗ ಟ್ಯಾಂಕು ಅಗಲವಾಗಿ ಬಾಯಿಬಿಟ್ಟು ಗೋಡೆಯ ಹತ್ತಿರ ಬಿದ್ದಿತ್ತು. ಮಹದೇವ ನೆಲದ ಮೇಲೆ ಕೂತಿದ್ದ. ಬಲಗೈಯನ್ನು ಮೈಗೆ ತಾಗದಂತೆ ದೂರ ಚಾಚಿಕೊಂಡಿದ್ದ. ಕಪ್ಪು ಕನ್ನಡಕ ಹಾಕಿದ್ದರಿಂದ ಕಣ್ಣುಗಳು ಉಳಿದಿದ್ದವು. ಮೊಣಕೈಯಿಂದ ಬೆರಳಿನವರೆಗೆ ಚರ್ಮದ ಬಣ್ಣ ಬದಲಾಗಿತ್ತು.

ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ.

"ಖಾಲಿ ಅಂದ್ರಲ್ಲ ಸಾ?"

ಖಾಲಿ ಟ್ಯಾಂಕೇ ಹೆಚ್ಚು ಅಪಾಯ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡು ಎಂದದ್ದೇ ನನ್ನ ತಪ್ಪು.

ಮರುದಿನ ವಾರ್ಡಿಗೆ ಹೋದೆ. ಅವನ ಹೆಂಡತಿ ಜಯಮ್ಮ ಮಂಚದ ಪಕ್ಕ ನಿಂತಿದ್ದರು. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆಕೆ ಬೈಯಲಿಲ್ಲ.

"ಏನೂ ಆಗಕಿಲ್ಲ ಅಂದ್ರಂತೆ ನೀವು."

"ಹೌದಮ್ಮ."

"ಸರಿಯಾಗೇ ಏಳಿದ್ರಿ ಬುಡಿ. ನಿಮ್ಗೇನಾಯ್ತು?"

ಆ ಮಾತು ಇನ್ನೂ ನನ್ನೊಳಗಿದೆ. ಯೋಚಿಸಿ ನೋಡಿ. ಕರೆಂಟು ಕಂಬ ಹತ್ತುವವನಿಗೆ ಕೆಳಗೆ ನಿಂತವರು ಹೇಳುತ್ತಾರೆ, ಏನೂ ಆಗಲ್ಲ. ಬಾವಿಗಿಳಿಯುವವನಿಗೆ ದಂಡೆಯಲ್ಲಿ ನಿಂತವರು ಹೇಳುತ್ತಾರೆ. ಓದಿದವರು ಹೇಳಿದರೆ ಆ ಮಾತಿಗೆ ಇನ್ನಷ್ಟು ತೂಕ. ಮಹದೇವನ ಮೂಗು ಸರಿಯಾಗಿಯೇ ಹೇಳಿತ್ತು. ನನ್ನ ಮೇಷ್ಟ್ರುಗಿರಿ ಅದರ ಬಾಯಿ ಮುಚ್ಚಿಸಿತು.

ಭಾನುವಾರ ಮೈಸೂರಿಗೆ ಹೋಗಲಿಲ್ಲ. ಶೆಡ್ಡಿಗೆ ಬೀಗ ಹಾಕಿದೆ. ಮಹದೇವನ ಗಾಯ ಮಾಗಲು ಮೂರು ತಿಂಗಳು ಹಿಡಿಯಿತು. ಖರ್ಚು ನಾನು ಕೊಟ್ಟೆ, ಅದನ್ನು ದೊಡ್ಡದಾಗಿ ಹೇಳಿಕೊಳ್ಳುವ ಮುಖ ನನಗಿಲ್ಲ. ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಒಂದು ಬೆಳಿಗ್ಗೆ ಅವನದೇ ಫೋನು.

"ಆ ಪಂಪು ಏನ್ಮಾಡುದ್ರಿ ಸಾ?"

"ಬೇಡಪ್ಪ ಅದು."

"ಬ್ಯಾಡ ಅಂದ್ರೆ ಎಂಗೆ? ನನ್ ಕೈ ಸುಟ್ಟುದ್ದು ಸುಮ್ಕೆ ಆಗೋಯ್ತದೆ. ಒಸಾ ತಗಡು ತನ್ನಿ. ತೂತು ಮೊದ್ಲೇ ಕೊಯ್ದು ಆಮ್ಯಾಕೆ ಟ್ಯಾಂಕ್ ಕಟ್ಟವ."

ಕಟ್ಟಿದ. ನಿಧಾನವಾಗಿ, ಮಡಚದ ಬೆರಳುಗಳಲ್ಲಿ. ನೀರು ತುಂಬಿಸಿ ಸೋರುತ್ತದೆಯೇ ನೋಡಿದೆವು. ಒಣಗಿದ ಮೇಲೆ ಶಿವಣ್ಣ ಮದ್ದೂರಿನಿಂದ ನನ್ನ ಶೆಡ್ಡಿಗೆ ಬಂದು ಪಂಪು ಇಳಿಸಿದ. ಮುಚ್ಚಳದಡಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಕೊನೆಗೆ ಪಂಪು ಪೂರ್ತಿ ಮುಳುಗುವಷ್ಟು ಪೆಟ್ರೋಲ್ ಹಾಕಿದೆವು.

ಸ್ವಿಚ್ ಒತ್ತುವುದೊಂದು ಬಾಕಿ. ತಿರುಗಿ ನೋಡಿದರೆ ಮಹದೇವ ಗೇಟಿನ ಹತ್ತಿರ ನಿಂತಿದ್ದ.

"ಅತ್ರಕ್ಕೆ ಬರಾಕೆ ನನ್ ಕೈಲಿ ಆಗಕಿಲ್ಲ ಸಾ. ಉದ್ದ ವೈರು ಎಳ್ದು ಸ್ವಿಚ್ಚು ನನ್ನತ್ರ ಕೊಡಿ, ನಾನು ಒತ್ತೀನಿ. ನೀವು ಟ್ಯಾಂಕ್ ತಾವ್ ನಿಂತು ಸೋರ್ತದಾ ನೋಡಿ."

ಅವನ ದನಿಯಲ್ಲಿ ಚುಚ್ಚುವ ಇರಾದೆ ಇರಲಿಲ್ಲ. ಹೆದರಿಕೆ ಇತ್ತು, ಅಷ್ಟೇ. ನಾನು ಹೋಗಿ ಟ್ಯಾಂಕಿನ ಪಕ್ಕ ನಿಂತೆ. ಮುಳುಗಿದಲ್ಲಿ ಗಾಳಿಯಿಲ್ಲ ಎಂದು ನನಗೆ ಗೊತ್ತು. ಪ್ರತಿ ವೈರನ್ನೂ ಮೂರು ಸಲ ನೋಡಿಯೂ ಆಗಿತ್ತು. ಆದರೂ ಅಂಗಿ ಬೆನ್ನಿಗೆ ಅಂಟಿತು.

"ಒತ್ಲಾ ಸಾ?"

ಕೈ ಎತ್ತಿದೆ.

ಜೇನು ಹಾರಿದಂಥ ಸಣ್ಣ ಸದ್ದು. ಒಂದೇ ಸಮ. ಮುಚ್ಚಳದ ಸುತ್ತ ಬೆರಳಾಡಿಸಿದೆ, ಒಣಗಿತ್ತು.

"ಏನಾಯ್ತು ಸಾ?" ಗೇಟಿನಿಂದ ಕೂಗಿದ ಮಹದೇವ.

ಕಂಡದ್ದನ್ನಷ್ಟೇ ಹೇಳಿದೆ: "ಸೋರುತ್ತಿಲ್ಲ."

ಇನ್ನೊಬ್ಬರಿಗೆ ಧೈರ್ಯ ಹೇಳುವಾಗ ನೀವು ಎಷ್ಟು ದೂರದಲ್ಲಿ ನಿಂತಿರುತ್ತೀರಿ?