ಪ್ಯಾಚಿನ ಮೇಲೆ ಉಪ್ಪಿನ ಶಾಖ

ಬೆನ್ನು ಹಿಡಿದರೂ ಉಪ್ಪಿನ ಶಾಖ, ಬಾಣಂತಿಗೂ ಉಪ್ಪಿನ ಶಾಖ. ನಮ್ಮ ಮನೆಯಲ್ಲೂ ಅಷ್ಟೇ. ಅದಕ್ಕೇ ನನ್ನ ತಪ್ಪಿಗೆ ಕ್ಷಮೆಯಿಲ್ಲ ಎನ್ನುತ್ತೇನೆ.

ಆಗ ನಾನು ಮಳವಳ್ಳಿಯ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಕಿರುಗಾವಲಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬನಿಗೆ ಬೆನ್ನುಮೂಳೆಯ ಕ್ಯಾನ್ಸರ್. ಮಾತ್ರೆ ನುಂಗಿದರೆ ವಾಂತಿ. ಡಾಕ್ಟರು ಫೆಂಟನಿಲ್ ಪ್ಯಾಚ್ ಬರೆದರು. ಚರ್ಮಕ್ಕೆ ಅಂಟಿಸಿದರೆ ಮೂರು ದಿನ ನಿಧಾನವಾಗಿ ಒಳಗಿಳಿದು ನೋವು ತಡೆಯುವ ಮದ್ದು. ಅಫೀಮಿನ ಜಾತಿಯದು, ಹೆಚ್ಚಾದರೆ ಉಸಿರನ್ನೇ ನಿಲ್ಲಿಸುತ್ತದೆ. ಅವನ ಬೆನ್ನಿಗೆ ಅದನ್ನು ಅಂಟಿಸಿ, ಹೆಂಡತಿಗೆ ಎಲ್ಲ ಹೇಳಿ ಕಳಿಸಿದವಳು ನಾನೇ. ಬಿಸಿ ತಾಗಿಸಬೇಡ ಎಂಬುದೊಂದನ್ನು ಮಾತ್ರ ಹೇಳಲಿಲ್ಲ.

ಎರಡನೇ ದಿನ ಬೆಳಿಗ್ಗೆ ಆಟೊದಿಂದ ಅವನನ್ನು ಹೊತ್ತು ತಂದರು. ತುಟಿ ನೀಲಿ, ಕಣ್ಣಪಾಪೆ ಸಾಸಿವೆಯಷ್ಟು, ಉಸಿರು ಯಾವಾಗಲೋ ಒಮ್ಮೆ. ಡಾಕ್ಟರು ಪ್ಯಾಚ್ ಕಿತ್ತು, ಕೆಂಪಾದ ಚರ್ಮ ನೋಡಿ ಗದರಿದರು: "ಏನಮ್ಮ ಮಾಡ್ದೆ ಇದ್ರ ಮೇಲೆ?"

"ಉಪ್ಪಿನ್ ಗಂಟಲ್ಲಿ ಸಾಕ ಕೊಟ್ಟೆ ಸಾ, ಮದ್ದು ಚೆನ್ನಾಗಿ ಇಳೀಲಿ ಅಂತ," ಎಂದಳು ಹೆಂಡತಿ.

"ಆ ಬಿಸಿಗೇ ಮದ್ದು ಒಟ್ಟಿಗೆ ನುಗ್ಗಿರೋದು."

ಅಷ್ಟು ಕಿವಿಗೆ ಬಿದ್ದದ್ದೇ ತಡ, ರೋಗಿಯ ಅಣ್ಣ ಅವಳ ಜುಟ್ಟು ಹಿಡಿದ. "ಕೊಂದ್ಬುಟ್ಯಲ್ಲೇ ಮುಂಡೆ, ನನ್ ತಮ್ಮುನ್ನ!" ಎಂದು ತಲೆಯನ್ನು ಗೋಡೆಗೆ ಗುದ್ದಿದ. ಅವಳ ಮೂಗಿನಿಂದ ರಕ್ತ ಸುರಿಯಿತು.

ನನ್ನ ಕೈಯಲ್ಲಿ ನಲಾಕ್ಸೋನ್ ಸಿರಿಂಜ್. ಬಸ್ಸಿನಲ್ಲಿ ಕೂತವನನ್ನು ರಟ್ಟೆ ಹಿಡಿದು ಎಬ್ಬಿಸಿ ಸೀಟು ಕಿತ್ತುಕೊಳ್ಳುವವನ ಹಾಗೆ, ಅದು ಅಫೀಮಿನ ಮದ್ದನ್ನು ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ. ಉಸಿರು ಮರಳುತ್ತದೆ, ಜೊತೆಗೆ ನೋವೂ ಮರಳುತ್ತದೆ. ಅದಕ್ಕೇ ಡಾಕ್ಟರು "ಸ್ವಲ್ಪಸ್ವಲ್ಪವೇ ಕೊಡಿ" ಎಂದಿದ್ದರು. ಗಂಡ ಎದ್ದರೆ ಅವಳಿಗೆ ಬೀಳುವ ಏಟು ನಿಲ್ಲುತ್ತದೆಂದು ನಾನು ಪೂರ್ತಿ ಒತ್ತಿಬಿಟ್ಟೆ.

ಎದ್ದ. ಹಸಿ ಗಾಯಕ್ಕೆ ಖಾರದ ಪುಡಿ ಎರಚಿದಂತೆ ಅರಚಿದ. ಡ್ರಿಪ್ ಸ್ಟ್ಯಾಂಡನ್ನು ಒದ್ದು ಕೆಡವಿದ. ಹಿಡಿಯಹೋದ ನನ್ನ ಬಾಯಿಗೆ ಗುದ್ದಿದ ರಭಸಕ್ಕೆ ಮುಂದಿನ ಹಲ್ಲೊಂದು ಮುರಿಯಿತು. "ಕೊಂದಾಕ್ಬುಡ್ರೋ ನನ್ನ!" ಎಂದು ಕೂಗುತ್ತಲೇ ಇದ್ದ. ನಲಾಕ್ಸೋನ್ ಬಲ ಬೇಗ ಇಳಿಯುತ್ತದೆ, ಆದರೆ ಚರ್ಮದಡಿ ಉಳಿದ ಮದ್ದಿನದು ಅಷ್ಟು ಬೇಗ ಇಳಿಯುವುದಿಲ್ಲ. ಗಂಟೆಯೊಳಗೆ ಮತ್ತೆ ಉಸಿರು ಕುಸಿಯಿತು. ಈ ಸಲ ಡಾಕ್ಟರೇ ನಲಾಕ್ಸೋನನ್ನು ಡ್ರಿಪ್ಪಿನಲ್ಲಿ ಹನಿಹನಿಯಾಗಿ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಎಂದರು.

ಹೊರಗೆ ಬೆಂಚಿನಲ್ಲಿ ಅವಳು ಮೂಗಿಗೆ ಸೆರಗು ಒತ್ತಿ ಕೂತಿದ್ದಳು. ಪಕ್ಕದಲ್ಲಿ ಅವಳನ್ನು ಹೊಡೆದ ಬಾವ ನಿಂತಿದ್ದ. ಅವನ ಎದುರು ಹೋಗಿ ನಿಂತೆ. ಹೇಳಿದೆ: "ಅಣ್ಣ, ಅವಳ ತಪ್ಪಲ್ಲ. ಶಾಖ ಕೊಡಬೇಡ ಅಂತ ನಾನೇ ಹೇಳಲಿಲ್ಲ. ಮರೆತೆ."

ಹೊಡೆಯುತ್ತಾನೆಂದು ಕಣ್ಣು ಮುಚ್ಚಿದೆ. ಅವನು ಕೈಮುಗಿದ.

"ಬುಡಿ ಸಿಸ್ಟ್ರೇ, ಮನುಸ್ರು ಅಂದ್ಮೇಲೆ ಮರ್ತೋಯ್ತದೆ."

ಅವಳು ಸೆರಗು ತೆಗೆದು ಅವನ ಮುಖ ನೋಡಿದಳು.

"ನಾನೂ ಮನುಸ್ಳೇ ಅಲ್ವಾ ಬಾವ?"